ಸೀಟಿನ ಕೆಳಗಿನ ತಂತಿ

ಫ್ಯೂಸು ಸುಟ್ಟರೆ ಜನ ಫ್ಯೂಸನ್ನೇ ಬೈಯುತ್ತಾರೆ. ವಿಶಾಖಪಟ್ಟಣದ ಮಧುರವಾಡದಲ್ಲಿ ಕಾರುಗಳಿಗೆ ಆಂಪ್ಲಿಫೈಯರು, ಸ್ಪೀಕರು ಕೂರಿಸುವ ಅಂಗಡಿ ಇಟ್ಟಿರುವ ಲಿಂಗರಾಜುವಿಗೆ ಆ ಬೈಗುಳ ಕೇಳಿದರೆ ಮೈ ಉರಿಯುತ್ತಿತ್ತು. ಹಿರಿಯೂರು ಕಡೆಯ ಮನುಷ್ಯ. ಮೀಸೆ ಮೂಡುವ ವಯಸ್ಸಿಗೆ ನೌಕಾಪಡೆ ಸೇರಿ, ಹಡಗಿನ ಹೊಟ್ಟೆಯೊಳಗೆ ಕರೆಂಟಿನ ಕೆಲಸ ಮಾಡಿ, ಪಿಂಚಣಿ ಬಂದ ಮೇಲೆ ಊರಿಗೆ ಹೋಗದೆ ಇಲ್ಲೇ ಬೇರು ಬಿಟ್ಟವನು. ಅಂಗಡಿಯ ಬೋರ್ಡು ತೆಲುಗಿನಲ್ಲಿದೆ. ಅದರ ಕೆಳಗೆ, ಕಣ್ಣು ಕಿರಿದು ಮಾಡಿ ನೋಡಿದರೆ, ಕನ್ನಡದಲ್ಲೂ ಒಂದು ಸಾಲಿದೆ. ಅದು ಅವನ ಅಕ್ಕ ನಾಗಮ್ಮನ ಹಟ. "ನಮ್ಮೋರು ಯಾರಾದ್ರೂ ಈ ದಾರೀಲಿ ಹೋದ್ರೆ ಒಳಗೆ ಬರ್ಲಿ ಕಣೋ" ಎಂದು ಹೇಳಿ ಬರೆಸಿದ್ದಳು.

ಬರುತ್ತಿದ್ದರು ಕೂಡ. ಐಟಿ ಆಫೀಸಿನ ಹುಡುಗರು, ಔಷಧ ಕಂಪನಿಯವರು, ನೌಕಾಪಡೆಯ ಹೊಸ ತಲೆಮಾರಿನವರು. ಹಾಗೆ ಬಂದವರಲ್ಲಿ ಅನಿರುದ್ಧ್ ಎಂಬ ಹುಡುಗನೊಬ್ಬ. ಅವನ ಕಾರಿನ ಬಾನೆಟ್ ಎತ್ತಿ ನೋಡಿದರೆ, ಬ್ಯಾಟರಿಯ ಪಕ್ಕದಲ್ಲಿ ಫ್ಯೂಸು ಇರಬೇಕಾದ ಡಬ್ಬಿಯಲ್ಲಿ ಚಾಕೊಲೇಟು ಸುತ್ತುವ ಬೆಳ್ಳಿ ಕಾಗದದ ಉಂಡೆ.

"ಏನಪ್ಪ ಇದು?"

"ಸರ್, ಫ್ಯೂಸು ಹೋಗ್ತಾನೇ ಇತ್ತು. ಎಷ್ಟು ಸಲ ಅಂತ ಹಾಕೋದು? ಒಂದು ವಿಡಿಯೋದಲ್ಲಿ ಹಿಂಗ್ ಮಾಡಿ ಅಂದಿದ್ರು."

"ನಾಯಿ ಬೊಗಳ್ತಾ ಐತೆ ಅಂತ ಅದರ ಬಾಯಿ ಕಟ್ಟಿ ಮಲಗಿದ್ದೀಯ. ಕಳ್ಳ ಎಲ್ಲವ್ನೆ ಅಂತ ನೋಡಿದ್ಯಾ?"

ಹುಡುಗ ನಕ್ಕ. ಲಿಂಗರಾಜು ನಗಲಿಲ್ಲ. ಬೆಳ್ಳಿ ಕಾಗದವನ್ನು ಕಿತ್ತೆಸೆದು ಪಾಠ ಶುರು ಮಾಡಿದ. ಈ ಪಾಠ ಮಧುರವಾಡದ ಅರ್ಧ ಜನಕ್ಕೆ ಬಾಯಿಪಾಠ. ಆಂಪ್ಲಿಫೈಯರಿಗೆ ಎರಡು ಕಡೆ ಫ್ಯೂಸು ಇರುತ್ತದೆ: ಒಂದು ಬ್ಯಾಟರಿಯ ಹತ್ತಿರ, ದೊಡ್ಡದು, ಇನ್ನೊಂದು ಆಂಪ್ಲಿಫೈಯರಿನ ಮೈಮೇಲೆ, ಸಣ್ಣದು. ಸಣ್ಣದು ಹೋದರೆ ತಂಟೆ ಮನೆಯೊಳಗಿದೆ ಎಂದು ಅರ್ಥ. ಸ್ಪೀಕರಿನ ತಂತಿಗಳನ್ನು ಒಂದೊಂದಾಗಿ ಕಳಚುತ್ತ ಬಾ, ಯಾವುದನ್ನು ಕಳಚಿದಾಗ ಫ್ಯೂಸು ಸುಡದೆ ಉಳಿಯುತ್ತದೋ ಅದೇ ಕಳ್ಳ; ಎಲ್ಲ ಕಳಚಿದ ಮೇಲೂ ಹೋದರೆ ಆಂಪ್ಲಿಫೈಯರೇ ಒಳಗೆ ಸತ್ತಿದೆ. ಆದರೆ ಸಣ್ಣದು ನೆಟ್ಟಗಿದ್ದು ದೊಡ್ಡದು ಮಾತ್ರ ಹೋದರೆ ತಂಟೆ ದಾರಿಯಲ್ಲಿದೆ. ಬ್ಯಾಟರಿಯಿಂದ ಬರುವ ಕೆಂಪು ತಂತಿ ಎಲ್ಲೋ ಸಿಪ್ಪೆ ಸುಲಿದುಕೊಂಡು ಕಾರಿನ ಕಬ್ಬಿಣ ಮುಟ್ಟಿದೆ. ಹೋಗು, ದಾರಿಯುದ್ದಕ್ಕೂ ಕೈಯಾಡಿಸು.

"ಫ್ಯೂಸು ಸಾಕ್ಷಿ ಕಣಯ್ಯ. ಸಾಕ್ಷಿ ಹೇಳಿದೋನ್ನ ಬೈಬಾರ್ದು, ಅವನು ಹೇಳಿದ್ದೇನು ಅಂತ ಕೇಳ್ಬೇಕು."

ಈ ಕೊನೆಯ ಮಾತು ಬರುವ ಹೊತ್ತಿಗೆ ಮೂಲೆಯ ಸ್ಟೂಲಿನ ಮೇಲೆ ಊಟದ ಕ್ಯಾರಿಯರು ಇಟ್ಟುಕೊಂಡು ಕೂತ ನಾಗಮ್ಮ ತುಟಿ ಅಲ್ಲಾಡಿಸುತ್ತಿದ್ದಳು. ತಮ್ಮನ ಪಾಠ ಅವಳಿಗೂ ಕಂಠಸ್ಥ. "ಆಯ್ತಾ ನಿನ್ನ ಪುರಾಣ? ಮುದ್ದೆ ತಣ್ಣಗಾಗ್ತೈತೆ. ಆ ಹುಡುಗನ್ನೂ ಕೂರ್ಸು, ಮನೆ ಊಟ ಮಾಡಿ ಎಷ್ಟು ದಿನ ಆಯ್ತೋ ಪಾಪ."

ತಾಯಿ ಸತ್ತ ಮೇಲೆ ಲಿಂಗರಾಜುವನ್ನು ಸಾಕಿದವಳು ಇವಳೇ. ಮದುವೆಯಾಗಿ ಹೋದಳು; ಗಂಡ ಇಂದುಧರ ಲಾರಿ ಓಡಿಸುತ್ತಿದ್ದವನು, ಮಕ್ಕಳಾಗುವ ಮೊದಲೇ ತೀರಿಕೊಂಡ. ಲಿಂಗರಾಜು ಹಡಗಿನ ಮೇಲೆ ಸಮುದ್ರದಲ್ಲಿದ್ದಾಗ ಇಲ್ಲಿ ಹೆಂಡತಿ ಹೇಮಾಕ್ಷಿ ಎಳೆ ಬಾಣಂತಿ, ಜ್ವರದಲ್ಲಿ ಮಲಗಿದ್ದಳು. ನೋಡಿಕೊಳ್ಳಲು ಬಂದ ನಾಗಮ್ಮ ಹಿಂತಿರುಗಿ ಹೋಗಲಿಲ್ಲ. ಹೋಗು ಎನ್ನುವವರೂ ಇರಲಿಲ್ಲ. ಕೂಸು ಅಪೂರ್ವಳನ್ನು ಸೊಂಟದ ಮೇಲೆ ಹೊತ್ತುಕೊಂಡು ಕ್ವಾರ್ಟರ್ಸಿನ ಮೆಟ್ಟಿಲಿಳಿಯುವಾಗ ಒಮ್ಮೆ ಕಾಲು ಜಾರಿತು. ಎರಡೂ ಕೈ ಕೂಸನ್ನು ಹಿಡಿದಿದ್ದವು, ಕಟಾಂಜನ ಹಿಡಿಯಲು ಕೈ ಉಳಿದಿರಲಿಲ್ಲ. ಕೂಸಿಗೆ ಒಂದು ಗೀರೂ ಆಗಲಿಲ್ಲ. ನಾಗಮ್ಮನ ಬಲ ಮಂಡಿ ಅವತ್ತಿನಿಂದ ಸರಿಯಾಗಿ ಮಡಿಸುತ್ತಿರಲಿಲ್ಲ. ಹಾಗಾಗಿ ಮನೆಯ ಕಾರಿನಲ್ಲಿ ಮುಂದಿನ ಸೀಟು ಅವಳದು. ಅದನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಕಾಲು ನೀಡಿ ಕೂರುತ್ತಿದ್ದಳು.

ಆ ಮನೆಯಲ್ಲಿ ಅಪೂರ್ವಳೊಡನೆ ಕನ್ನಡದಲ್ಲೇ ಮಾತಾಡುತ್ತಿದ್ದವಳು ಅವಳೊಬ್ಬಳೇ. ಹುಡುಗಿ ಶಾಲೆಯಲ್ಲಿ, ಬೀದಿಯಲ್ಲಿ, ಕೊನೆಗೆ ಅಪ್ಪ ಅಮ್ಮನ ಜೊತೆಯಲ್ಲೂ ತೆಲುಗಿಗೆ ತಿರುಗಿದ್ದಳು. ಅತ್ತೆಯ ಹತ್ತಿರ ಮಾತ್ರ ಹಿರಿಯೂರಿನ ಕನ್ನಡ.

ಅಪೂರ್ವಳಿಗೆ ವಿಜಯವಾಡದ ಸಂಬಂಧ ಕೂಡಿಬಂತು. ಹುಡುಗ ಯಶ್ವಂತ್, ಎತ್ತರದ ಆಳು, ಮಾತಿನಲ್ಲಿ ಮೃದು. ತಂದೆ ಇರಲಿಲ್ಲ, ತಾಯಿ ದುರ್ಗಾಭವಾನಿ ಮನೆಯನ್ನು ಮುಷ್ಟಿಯಲ್ಲಿ ಹಿಡಿದು ನಡೆಸುವ ಹೆಂಗಸು. ನಿಶ್ಚಿತಾರ್ಥ ಅವರ ಮನೆಯಲ್ಲಿ ಎಂದಾಯಿತು. ಲಿಂಗರಾಜುವಿಗೆ ಒಂದೇ ಚಿಂತೆ: ಬೀಗರ ಮುಂದೆ ತಾನು ಯಾರು ಎಂದು ತೋರಿಸಬೇಕು. ಹೊಲ ಗದ್ದೆ ಇಲ್ಲ, ಬಂಗಲೆ ಇಲ್ಲ, ಇರುವುದು ಕೈಕೆಲಸ. ತನ್ನ ಹಳೇ ಕಾರಿಗೆ ಅಂಗಡಿಯಲ್ಲಿದ್ದ ಅತ್ಯುತ್ತಮ ಆಂಪ್ಲಿಫೈಯರು ಕೂರಿಸಿದ. ಹೊರಡುವ ಹಿಂದಿನ ದಿನದ ಅವಸರ. ಕೆಂಪು ತಂತಿ ಬಾಗಿಲ ಅಂಚಿನಲ್ಲಿ ಸುತ್ತಿಕೊಂಡು ಹೋಗಬೇಕಿತ್ತು, ಒಂದು ಮೊಳ ಸಾಲಲಿಲ್ಲ. ಬೇರೆ ತಂತಿ ತರಿಸಬಹುದಿತ್ತು. ತರಿಸಲಿಲ್ಲ. ಮುಂದಿನ ಸೀಟಿನ ಕೆಳಗೆ, ಸೀಟು ಜಾರುವ ಹಳಿಯ ಪಕ್ಕದಿಂದ ಅಡ್ಡ ದಾರಿಯಲ್ಲಿ ಎಳೆದು, ಮೇಲೆ ಕಾರ್ಪೆಟ್ಟು ಮುಚ್ಚಿದ. ಗಿರಾಕಿಯ ಕಾರಿನಲ್ಲಿ ಬೇರೆ ಯಾರಾದರೂ ಹೀಗೆ ಎಳೆದಿದ್ದರೆ ಅವನು ಊರು ಒಂದಾಗುವಂತೆ ಕೂಗಾಡುತ್ತಿದ್ದ.

ಬೆಳಗ್ಗೆ ಹೊರಟರು. ಲಿಂಗರಾಜು ಚಾಲಕನ ಸೀಟಿನಲ್ಲಿ, ಪಕ್ಕದಲ್ಲಿ ನಾಗಮ್ಮ, ಹಿಂದೆ ಹೇಮಾಕ್ಷಿ, ಅಪೂರ್ವ, ಹಣ್ಣಿನ ತಟ್ಟೆಗಳು. ಅನಕಾಪಲ್ಲಿ ದಾಟಿದ ಮೇಲೂ ಇಡೀ ಕಾರು ಹಾಡಿನಲ್ಲಿ ತೇಲುತ್ತಿತ್ತು. ತುನಿಯಲ್ಲಿ ತಿಂಡಿಗೆ ನಿಲ್ಲಿಸಿದರು. ಹಿಂದಿನವರಿಗೆ ಜಾಗವಾಗಲೆಂದು ಅಲ್ಲಿಯವರೆಗೂ ಸೀಟು ಮುಂದಿಟ್ಟುಕೊಂಡಿದ್ದ ನಾಗಮ್ಮ, ತಿಂದು ಬಂದು ಕೂತು, ಮಂಡಿ ನೋವು ತಾಳದೆ ಅದನ್ನು ಪೂರ್ತಿ ಹಿಂದಕ್ಕೆ ತಳ್ಳಿದಳು. ಹಾಡು ನಿಂತಿತು.

"ಲಿಂಗಾ, ಇಲ್ಲಿ ಕೆಳಗೆ ಏನೋ ಚಿಟ್ ಅಂತು ನೋಡೋ" ಎಂದಳು ನಾಗಮ್ಮ.

ಲಿಂಗರಾಜು ಬಾನೆಟ್ ಎತ್ತಿದ. ಬ್ಯಾಟರಿ ಪಕ್ಕದ ದೊಡ್ಡ ಫ್ಯೂಸು ಕಪ್ಪಾಗಿತ್ತು. ಹಿಂದೆ ಹೋಗಿ ಡಿಕ್ಕಿ ತೆಗೆದು ನೋಡಿದ. ಆಂಪ್ಲಿಫೈಯರಿನ ಸಣ್ಣ ಫ್ಯೂಸು ನೆಟ್ಟಗಿತ್ತು. ಅಂದರೆ ತಂಟೆ ದಾರಿಯಲ್ಲಿದೆ. ಈ ತೀರ್ಮಾನಕ್ಕೆ ಬರಲು ಅವನಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಕಿರಲಿಲ್ಲ. ಆದರೂ ಹೊಸ ಫ್ಯೂಸು ಹಾಕಿದ. ಹಾಕಿದ ಕ್ಷಣವೇ ಅದೂ ಹೋಯಿತು.

ಹೇಮಾಕ್ಷಿ ಕೆಳಗಿಳಿದು ಬಂದಳು. ಕೆಟ್ಟ ಹೆಂಗಸಲ್ಲ ಅವಳು. ಮಗಳ ಮದುವೆ ಎಂಬ ಭಯ ತಲೆಗೇರಿತ್ತು, ಅಷ್ಟೇ. ಭಯಕ್ಕೆ ಬಾಯಿ ಬಂದರೆ ಅದು ಮೊದಲು ಕಚ್ಚುವುದು ಮನೆಯಲ್ಲಿ ಗಂಡನಿಲ್ಲದವಳನ್ನು. "ರೀ, ನಾನು ಹೇಳಬಾರದು ಅಂತಿದ್ದೆ. ಶುಭಕಾರ್ಯಕ್ಕೆ ಹೊರಟಾಗ ಮುಂದಿನ ಸೀಟಲ್ಲಿ ಅತ್ತಿಗೇನ ಕೂರಿಸ್ಕೊಂಡು... ಅವರು ಕೂತ ತಕ್ಷಣ ಹಿಂಗಾಯ್ತಲ್ಲ, ಎರಡು ಸಲ."

"ಏ, ಸುಮ್ನಿರೇ."

"ನಾನ್ ಸುಮ್ನಿರ್ತೀನಿ. ಕಾಲ್ಗುಣ ಸುಮ್ನಿರತ್ತಾ?"

ನಾಗಮ್ಮ ಆಗಲೇ ಬಾಗಿಲು ತೆಗೆದು ಇಳಿಯುತ್ತಿದ್ದಳು. "ನಾನು ಹಿಂದೆ ಕೂರ್ತೀನಿ ಬಿಡತ್ಲಾಗೆ. ಯಾವ ಸೀಟಾದ್ರೇನು." ಇಳಿದವಳು ತಮ್ಮನ ಹತ್ತಿರ ಬಂದು ಮೆಲ್ಲಗೆ, "ಸೀಟು ಕೆಳಗೆ ಒಂದ್ಸಲ ನೋಡೋ. ನೀನೇ ಹೇಳ್ತೀಯಲ್ಲ, ದೊಡ್ಡದು ಹೋದ್ರೆ ದಾರೀಲಿ ನೋಡು ಅಂತ" ಎಂದಳು.

ಸೀಟು ಬಿಚ್ಚಲು ಹೆಚ್ಚು ಹೊತ್ತು ಬೇಕಿರಲಿಲ್ಲ. ಬೋಲ್ಟು ತಿರುಗಿಸುವ ಪಾನಾ ಡಿಕ್ಕಿಯಲ್ಲೇ ಇತ್ತು. ಆದರೆ ಬಿಚ್ಚಿದರೆ ತನ್ನ ಅಡ್ಡ ದಾರಿ ಹೆಂಡತಿ ಮಗಳ ಮುಂದೆ ಬೆತ್ತಲಾಗುತ್ತದೆ. ಒಗೆದ ಬಿಳಿ ಶರ್ಟು ಕೊಳೆಯಾಗುತ್ತದೆ. ಮುಹೂರ್ತ ಬೇರೆ. "ಆಮೇಲೆ ನೋಡೋಣ ಬಿಡಕ್ಕ" ಎಂದುಬಿಟ್ಟ.

ಹೇಮಾಕ್ಷಿ ಕುಳ್ಳಿ. ಮುಂದೆ ಕೂತವಳು ಸೀಟನ್ನು ಮುಂದಕ್ಕೆ ಎಳೆದುಕೊಂಡಳು. ಲಿಂಗರಾಜು ಮತ್ತೊಂದು ಫ್ಯೂಸು ಹಾಕಿದ. ಹಾಡು ಬಂತು, ನಿಲ್ಲಲಿಲ್ಲ. ಹೇಮಾಕ್ಷಿ ಗಂಡನ ಮುಖ ನೋಡಿದಳು. ಹೇಳುವ ಅಗತ್ಯ ಏನಿತ್ತು? ಪುರಾವೆ ಹಾಡುತ್ತಿತ್ತಲ್ಲ.

ಅದು ಎಂಥ ಪುರಾವೆ ಎಂದು ಆ ಕಾರಿನಲ್ಲಿ ಸ್ಪಷ್ಟವಾಗಿ ತಿಳಿದಿದ್ದವನು ಒಬ್ಬನೇ. ಸೀಟು ಹಿಂದೆ ಹೋದಾಗ ಹಳಿ ತಂತಿಯನ್ನು ಒತ್ತುತ್ತದೆ, ಮುಂದೆ ಬಂದಾಗ ಬಿಡುತ್ತದೆ. ಅಕ್ಕನ ಕಾಲು ನೀಳವಾಗಿ ಚಾಚಬೇಕು, ಹೆಂಡತಿಯ ಕಾಲು ಚಾಚಬೇಕಿಲ್ಲ. ಇಷ್ಟೇ. ಕಾಲ್ಗುಣವನ್ನು ಅವನು ನಂಬಿದ್ದರೆ, ಪಾಪ ಮೂಢ ಎಂದು ಬಿಟ್ಟುಬಿಡಬಹುದಿತ್ತು. ಅವನು ಎಳ್ಳಷ್ಟೂ ನಂಬಿರಲಿಲ್ಲ. ನಂಬದೆ ಸುಮ್ಮನಿದ್ದ. ನಮ್ಮಲ್ಲಿ ಇಂಥ ಮಾತುಗಳನ್ನು ಬದುಕಿಸಿಟ್ಟಿರುವವರು ನಂಬುವವರಲ್ಲ, ಹೀಗೆ ನಂಬದೆ ಸುಮ್ಮನಿರುವ ಬುದ್ಧಿವಂತರು.

ರಾಜಮಂಡ್ರಿ ಬಂತು, ಗೋದಾವರಿ ಹಿಂದಾಯಿತು, ಏಲೂರು ಕಳೆಯಿತು. ಹಿಂದಿನ ಸೀಟಿನಲ್ಲಿ ನಾಗಮ್ಮ ಮಡಿಸಲಾರದ ಮಂಡಿಯನ್ನು ಮಡಿಸಿಕೊಂಡು, ತೊಡೆಯ ಮೇಲೆ ಹಣ್ಣಿನ ತಟ್ಟೆ ಇಟ್ಟುಕೊಂಡು ಕೂತಿದ್ದಳು. ಕನ್ನಡಿಯಲ್ಲಿ ಅವಳ ಮುಖ ಕಾಣುತ್ತಿತ್ತು. ಲಿಂಗರಾಜು ಕನ್ನಡಿಯನ್ನು ತುಸು ಓರೆ ಮಾಡಿಕೊಂಡ.

ವಿಜಯವಾಡ ತಲುಪಿದಾಗ ತಡವಾಗಿತ್ತು. ದುರ್ಗಾಭವಾನಿ ಗೇಟಿನಲ್ಲೇ ನಿಂತಿದ್ದರು. "ಏಮಂಡಿ ಅನ್ನಯ್ಯಗಾರೂ, ಇಂತ ಲೇಟು? ದಾರಿಯಲ್ಲಿ ಏನಾದರೂ ತೊಂದರೆಯಾ?" ಎಂದು ತೆಲುಗಿನಲ್ಲಿ ಕೇಳಿದರು.

ಆಗ ಹೇಳಬಹುದಿತ್ತು: ನನ್ನ ಕೆಲಸದಲ್ಲೇ ತಪ್ಪಾಗಿತ್ತು, ತಂತಿ ಸರಿಯಾಗಿ ಎಳೆದಿರಲಿಲ್ಲ ಎಂದು. ಆಂಪ್ಲಿಫೈಯರಿನ ದೊಡ್ಡಸ್ತಿಕೆ ತೋರಿಸಲು ಬಂದವನ ಬಾಯಲ್ಲಿ ಆ ಮಾತು ಹೊರಡಲಿಲ್ಲ. ಬದಲಿಗೆ ನಗೆಯೊಂದು ಹೊರಟಿತು.

"ಏನಿಲ್ಲಮ್ಮಾ. ಮಾ ಅಕ್ಕ ಮುಂದೆ ಕೂತರೆ ಸಾಕು, ಹಾಡು ಬಂದ್! ಹಿಂದೆ ಕೂರಿಸಿದ ಮೇಲೆ ಸರಿಹೋಯಿತು."

ಹೇಮಾಕ್ಷಿ ನಕ್ಕಳು. ಪಕ್ಕದಲ್ಲಿದ್ದ ಯಾರೋ ನಕ್ಕರು. ದುರ್ಗಾಭವಾನಿ ನಗಲಿಲ್ಲ. ಕಾರಿನಿಂದ ಕಷ್ಟಪಟ್ಟು ಇಳಿಯುತ್ತಿದ್ದ ನಾಗಮ್ಮನ ಬೋಳು ಹಣೆಯ ಕಡೆ ಒಮ್ಮೆ ನೋಡಿದರು. ದುರ್ಗಾಭವಾನಿಯ ಗಂಡನೂ ತೀರಿಕೊಂಡಿದ್ದವರೇ. ಆದರೆ ಮನೆ ಅವರದು, ಮಗ ಅವರವನು, ಹಾಗಾಗಿ ಅವರಿಗೆ ಕಾಲ್ಗುಣ ಇರಲಿಲ್ಲ. "ವದಿನಗಾರಿಗೆ, ಅತ್ತಿಗೆಯವರಿಗೆ, ಕಾಲು ನೋವಲ್ಲವೇ, ಒಳಗಿನ ರೂಮಿನಲ್ಲಿ ಆರಾಮಾಗಿ ಕೂರಲಿ" ಎಂದರು. ಎಷ್ಟು ಮರ್ಯಾದೆಯ ಮಾತು ನೋಡಿ. ತಾಂಬೂಲ ಬದಲಾಯಿಸಿಕೊಳ್ಳುವಾಗ, ಅಪೂರ್ವಳಿಗೆ ಉಂಗುರ ತೊಡಿಸುವಾಗ, ಅವಳನ್ನು ಎತ್ತಿ ಆಡಿಸಿದ ನಾಗಮ್ಮ ಗೋಡೆಯ ಆಚೆ ಆರಾಮಾಗಿ ಕೂತಿದ್ದಳು. ಊರಿನಿಂದ ತಂದಿದ್ದ ಸೋಬಾನೆ ಹಾಡೊಂದನ್ನು ಹಾಡಬೇಕೆಂದು ವಾರದಿಂದ ಗುನುಗಿಕೊಳ್ಳುತ್ತಿದ್ದವಳು. ಹೊರಗೆ ಹೆಂಗಸರಿಗೆಲ್ಲ ಅರಿಶಿನ ಕುಂಕುಮದ ಜೊತೆ ರೇಷ್ಮೆ ಕೊಟ್ಟರು. ಒಳಗಿನ ರೂಮಿನ ಬಾಗಿಲಲ್ಲಿ ಯಾರೋ ಒಂದು ಪ್ಲಾಸ್ಟಿಕ್ ಕವರು ಚಾಚಿದರು, ಒಳಗೆ ಮಂಗಳಗಿರಿಯ ಹತ್ತಿ ಸೀರೆ.

"ಚೆನ್ನಾಗೈತೆ, ಮೆತ್ತಗೈತೆ" ಎಂದಳು ನಾಗಮ್ಮ, ವಾಪಸು ಬರುವ ದಾರಿಯಲ್ಲಿ.

ಮದುವೆಯೂ ವಿಜಯವಾಡದಲ್ಲೇ. ನಾಗಮ್ಮ ತಾನೇ ಮೊದಲು ಬಾಯಿಬಿಟ್ಟಳು. "ಅಷ್ಟು ದೂರ ಕೂರಕ್ಕೆ ಮಂಡಿ ಆಗಲ್ಲಪ್ಪ. ನೀವು ಹೋಗ್ ಬನ್ನಿ." ಅಪೂರ್ವ ಒಮ್ಮೆ, "ಬಾ ಅತ್ತೆ" ಎಂದಳು. ಎರಡನೇ ಸಲ ಯಾರೂ ಕರೆಯಲಿಲ್ಲ. ಒಂದು ಮೊಳ ತಂತಿ ಜಾಸ್ತಿ ಹಾಕಿ, ಸೀಟು ಹಿಂದಕ್ಕೆ ತಳ್ಳಿ, "ಕೂತ್ಕೋ ಅಕ್ಕ, ಈಗ ಹಾಡು ನಿಲ್ಲತ್ತಾ ನೋಡೇ ಬಿಡೋಣ" ಎನ್ನಲು ಲಿಂಗರಾಜುವಿಗೆ ತಿಂಗಳುಗಟ್ಟಲೆ ಸಮಯವಿತ್ತು. ಗಿರಾಕಿಗಳ ಕಾರಿನಲ್ಲಿ ಪಾಠ ಮಾಡುತ್ತಲೇ ಇದ್ದ. ಫ್ಯೂಸು ಸಾಕ್ಷಿ ಕಣಯ್ಯ. ಮೂಲೆಯ ಸ್ಟೂಲಿನಲ್ಲಿ ಕೂತ ನಾಗಮ್ಮ ಈಗ ತುಟಿ ಅಲ್ಲಾಡಿಸುತ್ತಿರಲಿಲ್ಲ.

ಮದುವೆ ಮುಗಿಸಿ ಬಂದಾಗ ಅವಳ ಟ್ರಂಕು ಬಾಗಿಲ ಬಳಿ ತಯಾರಾಗಿತ್ತು. ದುವ್ವಾಡದಲ್ಲಿ ಅನು, ಗೌರವ್ ಎಂಬ ದಾವಣಗೆರೆ ಕಡೆಯ ಗಂಡ ಹೆಂಡತಿ, ಇಬ್ಬರಿಗೂ ಅಲ್ಲಿನ ಔಷಧ ಕಂಪನಿಯಲ್ಲಿ ಕೆಲಸ. ಎಳೆ ಮಗು. ನೋಡಿಕೊಳ್ಳಲು ಕನ್ನಡದ ಹಿರಿಯರೊಬ್ಬರು ಬೇಕೆಂದು ಅಂಗಡಿಗೆ ಬಂದಾಗ ಅನು ಕೇಳಿದ್ದಳಂತೆ. ನಾಗಮ್ಮ ಹೂಂ ಎಂದಿದ್ದಾಳೆ.

"ಇದೇನಕ್ಕಾ, ಜನ ಏನಂತಾರೆ? ಅಕ್ಕನ್ನ ಮನೆಗೆಲಸಕ್ಕೆ ಕಳಿಸ್ದ ಅನ್ನಲ್ವಾ?"

"ಜನ ಏನಂತಾರೆ ಅಂತ ನೀನು ಯೋಚ್ನೆ ಮಾಡಿದ್ದು ಸಾಕು ಕಣೋ" ಎಂದಳು. ಆ ಮಾತಿನಲ್ಲಿ ಸಿಟ್ಟು ಇದ್ದಂತೆ ಕೇಳಲಿಲ್ಲ. "ಮಗು ಚಿಕ್ಕದು, ಎತ್ಕಂಡು ಆಡ್ಸೋದು ನಂಗೆ ಗೊತ್ತು. ಆಟೋ ಬಂತು, ಟ್ರಂಕು ಹಿಡಿ."

ಕಾರು ಅಂಗಳದಲ್ಲೇ ನಿಂತಿತ್ತು. ಕಾರಿನಲ್ಲಿ ಬಿಡುತ್ತೇನೆ ಎಂದು ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ.

ಹೋದವಳ ಜಾಗ ಮುಚ್ಚಿಕೊಳ್ಳಲು ಬಹಳ ದಿನ ಹಿಡಿಯಲಿಲ್ಲ. ಮಧ್ಯಾಹ್ನದ ಕ್ಯಾರಿಯರು ನಿಂತಿತು. ಲಿಂಗರಾಜು ಎದುರಿನ ಹೋಟೆಲಿನಲ್ಲಿ ಉಣ್ಣತೊಡಗಿದ. ಮುದ್ದೆ ತಿರುವುವ ಕೋಲು ಅಟ್ಟ ಸೇರಿತು. ಅಪೂರ್ವ ಫೋನು ಮಾಡಿದರೆ ಮೂವರೂ ತೆಲುಗಿನಲ್ಲೇ ಮಾತಾಡಿ ಇಡುತ್ತಿದ್ದರು. ಕಾರಿನಲ್ಲಿ ಹಾಡು ಒಂದು ದಿನವೂ ನಿಲ್ಲಲಿಲ್ಲ.

ಸಂಕ್ರಾಂತಿ ಬಂತು. ಆಂಧ್ರದಲ್ಲಿ ಹೊಸ ಅಳಿಯನಿಗೆ ಮೊದಲ ಸಂಕ್ರಾಂತಿ ಎಂದರೆ ರಾಜ್ಯಾಭಿಷೇಕ ಇದ್ದ ಹಾಗೆ. ಲಿಂಗರಾಜುವೂ ಹೇಮಾಕ್ಷಿಯೂ ಮಗಳು ಅಳಿಯನನ್ನು ಕರೆತರಲು ವಿಜಯವಾಡಕ್ಕೆ ಹೋದರು. ಹೊರಡುವ ಹೊತ್ತು. ಅದೇ ಗೇಟು. ದುರ್ಗಾಭವಾನಿ ಬೀಳ್ಕೊಡಲು ನಿಂತಿದ್ದರು. ಯಶ್ವಂತ್ ಮುಂದಿನ ಸೀಟಿನಲ್ಲಿ ಕೂತು, ತನ್ನ ಉದ್ದ ಕಾಲುಗಳಿಗೆ ಜಾಗ ಸಾಲದೆ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿದ.

ಹಾಡು ನಿಂತಿತು.

ಲಿಂಗರಾಜು ಸ್ಟೇರಿಂಗಿನ ಮೇಲೆ ಕೈಯಿಟ್ಟು ಕಾದ. ಯಾರಾದರೂ ಹೇಳುತ್ತಾರೆಂದು ಕಾದ. ಹೇಳಲಿ ಎಂದೇ ಅವನ ಮನಸ್ಸಿನೊಳಗೆ ಏನೋ ಹಲ್ಲು ಕಚ್ಚಿಕೊಂಡು ನಿಂತಿತ್ತು.

"ವೈರೇದೋ ಲೂಸ್ ಆಗಿರಬೇಕು, ನೋಡಿಕೊಳ್ಳಿ ಅನ್ನಯ್ಯಗಾರೂ" ಎಂದರು ದುರ್ಗಾಭವಾನಿ.

"ಲೂಸ್ ಕಾಂಟಾಕ್ಟ್ ಮಾವಯ್ಯಾ" ಎಂದ ಅಳಿಯ.

"ಅವಸರದಲ್ಲಿ ಹಾಕಿದ್ರಲ್ಲ, ಸರಿಯಾಗಿ ಕೂತಿಲ್ಲ ಅನ್ಸತ್ತೆ ರೀ" ಎಂದಳು ಹೇಮಾಕ್ಷಿ.

ಎಲ್ಲರಿಗೂ ಗೊತ್ತಿತ್ತು! ತಂತಿ ಎಂಬುದೊಂದು ಇದೆ, ಅದು ಸಡಿಲವಾಗುತ್ತದೆ, ಹಾಕಿದವನ ಕೈಯಲ್ಲಿ ತಪ್ಪಾಗುತ್ತದೆ, ಇದು ಎಲ್ಲರಿಗೂ ಮೊದಲಿನಿಂದಲೂ ಗೊತ್ತಿತ್ತು. ಕೂತವನು ಅಳಿಯನಾದರೆ ತಂತಿಯ ತಪ್ಪು. ಕೂತವಳು ವಿಧವೆಯಾದರೆ ಹಣೆಬರಹ. ಕಾರು ಅದೇ, ಸೀಟು ಅದೇ, ಗೇಟು ಕೂಡ ಅದೇ.

ಲಿಂಗರಾಜು ಕೆಳಗಿಳಿದ. ಅಳಿಯನನ್ನು ಇಳಿಸಿ, ಪಾನಾ ತಂದು, ಹಬ್ಬದ ಬಟ್ಟೆಯಲ್ಲೇ ಬೀದಿಯಲ್ಲಿ ಮಂಡಿಯೂರಿ ಸೀಟಿನ ಬೋಲ್ಟುಗಳನ್ನು ಬಿಚ್ಚಿದ. ಸೀಟನ್ನು ಓರೆ ಮಾಡಿ ಕಾರ್ಪೆಟ್ಟು ಎತ್ತಿದ. ಕೆಂಪು ತಂತಿಯ ಸಿಪ್ಪೆ ಹಳಿಯ ಕೆಳಗೆ ನಜ್ಜುಗುಜ್ಜಾಗಿ, ತಾಮ್ರ ಹೊರಗೆ ಹಲ್ಲು ಕಿರಿಯುತ್ತಿತ್ತು. ಸುತ್ತಲಿನ ಕಬ್ಬಿಣದ ಮೇಲೆ ಕಪ್ಪು ಚುಕ್ಕೆಗಳು. ಹೊಸದೊಂದು. ಪಕ್ಕದಲ್ಲಿ ಹಳೆಯವು, ತುನಿಯವು.

"ಸಿಕ್ಕಿತಾ ಅಂಡಿ?" ಗೇಟಿನಿಂದ ದುರ್ಗಾಭವಾನಿಯವರ ದನಿ.

ಮತ್ತೊಮ್ಮೆ ಹೇಳಬಹುದಿತ್ತು. ಅವನ ಬಾಯಿ ತೆರೆಯಿತು ಕೂಡ. ಅವತ್ತೂ ಇದೇ ಆಗಿತ್ತಮ್ಮ, ನಮ್ಮಕ್ಕನದು ಏನೂ ಇರಲಿಲ್ಲ ಎಂಬಷ್ಟೇ ಮಾತು. ಆದರೆ ಹಬ್ಬ, ಹೊಸ ಅಳಿಯ ಬೀದಿಯಲ್ಲಿ ನಿಂತಿದ್ದಾನೆ, ಈಗ ಯಾಕೆ ಹಳೆಯದು ಎಂದು ಎಂದಿನ ಬುದ್ಧಿವಂತ ಒಳಗಿನಿಂದ ಪಿಸುಗುಟ್ಟಿದ. "ಸಿಕ್ತಮ್ಮಾ. ಸಣ್ಣದು" ಎಂದ. ಸುಲಿದ ತುಂಡನ್ನು ಕತ್ತರಿಸಿ ಜೇಬಿಗೆ ಹಾಕಿಕೊಂಡ. ಉಳಿದ ತಂತಿಗೆ ಡಿಕ್ಕಿಯಲ್ಲಿದ್ದ ಬೇರೆ ತುಂಡು ಸೇರಿಸಿ, ಬಾಗಿಲ ಅಂಚಿನಲ್ಲಿ, ಹೋಗಬೇಕಿದ್ದ ದಾರಿಯಲ್ಲೇ ಎಳೆದ. ಹೊಸ ಫ್ಯೂಸು ಸುಡದೆ ಉಳಿಯಿತು. ಯಶ್ವಂತ್ ಕಾಲು ಚಾಚಿ ಕೂತ. ವಿಶಾಖಪಟ್ಟಣದವರೆಗೂ ಹಾಡು ಬಂತು.

ಹಬ್ಬ ಕಳೆದು ಮಗಳು ಅಳಿಯ ಹೊರಟ ಮೇಲೆ ಲಿಂಗರಾಜು ದುವ್ವಾಡಕ್ಕೆ ಹೋದ. ರೈಲ್ವೆ ಸ್ಟೇಷನ್ನಿನ ಆಚೆ ಹೊಸ ಅಪಾರ್ಟ್‌ಮೆಂಟು. ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಹಾಡು ಕೇಳಿಸಿತು. ವಿಜಯವಾಡದಲ್ಲಿ ಹಾಡಲು ಬಿಡದ ಅದೇ ಸೋಬಾನೆ. ನಾಗಮ್ಮ ಅದರ ಓಟ ನಿಧಾನ ಮಾಡಿ ಜೋಗುಳಕ್ಕೆ ಬಗ್ಗಿಸಿಕೊಂಡಿದ್ದಳು. ಉಟ್ಟಿದ್ದು ಮಂಗಳಗಿರಿ ಸೀರೆ. ಒಗೆದು ಒಗೆದು ಬಣ್ಣ ಬಿಟ್ಟಿತ್ತು. ಕಾಲು ನೀಡಿಕೊಂಡು ಕೂರಲು ಅವಳಿಗೆ ಅಲ್ಲೊಂದು ತಗ್ಗಿನ ಕುರ್ಚಿ ಹಾಕಿಕೊಟ್ಟಿದ್ದರು.

"ಬಾರೋ. ಚಪ್ಪಲಿ ಸದ್ದು ಮಾಡಬ್ಯಾಡ, ಈಗ ಕಣ್ಣು ಮುಚ್ಚೈತೆ."

ನೀರು ಕೊಟ್ಟಳು, ಚಕ್ಕುಲಿ ಕೊಟ್ಟಳು, ಅಪೂರ್ವ ಹೇಗಿದ್ದಾಳೆ, ಮೈ ತುಂಬಿಕೊಂಡಿದ್ದಾಳಾ ಎಂದೆಲ್ಲ ಕೇಳಿದಳು. ಲಿಂಗರಾಜು ಒಂದಕ್ಕೂ ನೆಟ್ಟಗೆ ಉತ್ತರಿಸದೆ ಜೇಬಿನಿಂದ ತಂತಿಯ ತುಂಡು ತೆಗೆದು ಅವಳ ಮುಂದೆ ಇಟ್ಟ.

"ಅಕ್ಕಾ, ಸೀಟು ಕೆಳಗೇ ಇತ್ತು. ನೀನು ಹೇಳ್ದಂಗೇನೆ."

ನಾಗಮ್ಮ ತುಂಡನ್ನು ಮುಟ್ಟಲಿಲ್ಲ. "ನಂಗೊತ್ತಿತ್ತು. ನಿಂಗೂ ಅವತ್ತೇ ಗೊತ್ತಿತ್ತು."

"ಹೂಂ."

"ಆಕೆ ಅಂದಿದ್ದಕ್ಕೆ ನಂಗೇನೂ ಬೇಜಾರಿಲ್ಲ ಕಣೋ. ಹೆದರ್ಕಂಡಿದ್ಲು, ಅಂದ್ಲು. ನಿನಗೇನು ಹೆದರಿಕೆ ಇತ್ತು?"

ಅವನು ಚಕ್ಕುಲಿಯೊಂದನ್ನು ಮುರಿದು ತಟ್ಟೆಯಲ್ಲೇ ಇಟ್ಟ.

"ಇದನ್ನ ಎಲ್ಲಿ ಬಿಚ್ಚಿ ನೋಡ್ದೆ?"

"ವಿಜಯವಾಡದಲ್ಲಿ. ಬೀಗರ ಗೇಟಲ್ಲಿ. ಯಶ್ವಂತ್ ಕೂತಾಗ ನಿಂತೋಯ್ತು."

"ಎಲ್ಲಾರೂ ಇದ್ರಾ?"

"ಇದ್ರು."

"ಅವರ ಮುಂದೆ ಹೇಳಿದ್ಯಾ?"

ಮಗು ನಿದ್ದೆಯಲ್ಲಿ ಮಿಸುಕಿತು. ನಾಗಮ್ಮ ಅದರ ಬೆನ್ನು ತಟ್ಟಿದಳು. ಆಮೇಲೆ ತಂತಿಯ ತುಂಡನ್ನು ಎತ್ತಿ ತಮ್ಮನ ಅಂಗೈಯಲ್ಲಿಟ್ಟು, ಬೆರಳು ಮಡಿಸಿದಳು.

"ನಂಗ್ಯಾಕೆ ತೋರಿಸ್ತೀಯ? ಗೊತ್ತಿದ್ದೋರಿಗೆ ತೋರ್ಸಿ ಏನು ಪ್ರಯೋಜನ? ಚಕ್ಕುಲಿ ತಿನ್ನು."

ಕೆಳಗೆ ಬಂದು ಕಾರಿನಲ್ಲಿ ಕೂತು ಲಿಂಗರಾಜು ವಿಜಯವಾಡಕ್ಕೆ ಫೋನು ಹಚ್ಚಿದ. ದುರ್ಗಾಭವಾನಿ ಎತ್ತಿದರು. ಅವನು ಎಲ್ಲ ಹೇಳಿದ: ತುನಿಯ ಫ್ಯೂಸು, ಒಂದು ಮೊಳ ಸಾಲದ ತಂತಿ, ಗೇಟಿನಲ್ಲಿ ತಾನು ಆಡಿದ ನಗೆಮಾತು, ಒಳಗಿನ ರೂಮು. ತೆಲುಗು ತಡವರಿಸಿತು, ಆದರೂ ನಿಲ್ಲಿಸಲಿಲ್ಲ. ಆ ಕಡೆಯಿಂದ ಅಕ್ಕರೆಯ ನಗು.

"ಅಯ್ಯೋ ಅನ್ನಯ್ಯಗಾರೂ, ದಾನಿಕೇಮುಂದಿ ಲೆಂಡಿ, ಅದರಲ್ಲೇನಿದೆ ಬಿಡಿ! ಅದೆಲ್ಲ ಯಾವಾಗಲೋ ಮರೆತುಹೋಯಿತು. ನಮಗೆ ನೆನಪೂ ಇಲ್ಲ. ವದಿನಗಾರು ಚೆನ್ನಾಗಿದ್ದಾರೆ ಕದಾ?"

ನೆನಪೂ ಇಲ್ಲ. ಒಬ್ಬಳ ಮನೆಯನ್ನೇ ಕಿತ್ತುಕೊಂಡ ಮಾತು, ಅದನ್ನು ಕೇಳಿ ಅವಳನ್ನು ಒಳಗೆ ಕೂರಿಸಿದವರ ತಲೆಯಲ್ಲಿ ಒಂದು ಸಂಜೆಯೂ ನಿಂತಿರಲಿಲ್ಲ. ಮನೆಗೆ ಬಂದು ಹೇಮಾಕ್ಷಿಗೆ ಹೇಳಿದಾಗ ಅವಳು ಸೆರಗಿನಿಂದ ಕಣ್ಣೊತ್ತಿಕೊಂಡಳು, ನಿಜವಾಗಿಯೇ. "ಹಾಗಾದ್ರೆ ಕರ್ಕೊಂಡು ಬನ್ನಿ" ಎಂದಳು. ಮರುದಿನ ಇಬ್ಬರೂ ಹೋಗಿ ಕರೆದರು. ನಾಗಮ್ಮ ಹೇಮಾಕ್ಷಿಯ ಕೈ ಹಿಡಿದುಕೊಂಡೇ ಕೂತಿದ್ದಳು, ಮಗು ಎದ್ದು ಅತ್ತಾಗ ಕೈ ಬಿಟ್ಟು ಎದ್ದುಹೋದಳು. ಬರಲಿಲ್ಲ. ಯುಗಾದಿಗೆ ಬಂದು ಹೋಳಿಗೆ ಮಾಡಿಕೊಟ್ಟು, ಸಂಜೆಯ ಬಸ್ಸಿಗೆ ಹೊರಟಳು. ಕಾರಿನಲ್ಲಿ ಬಿಡುತ್ತೇನೆ ಎಂದು ಈ ಸಲ ಲಿಂಗರಾಜು ಹೇಳಿದ. "ಬಸ್ಸೇ ಸಲೀಸು ಕಣಪ್ಪ, ಕಾಲು ಚಾಚೋಕೆ ಜಾಗ ಇರ್ತೈತೆ" ಎಂದಳು.

ಅಂಗಡಿಯಲ್ಲಿ ಅವನ ಪಾಠ ಈಗ ಚಿಕ್ಕದಾಗಿದೆ. ಸಾಕ್ಷಿಯ ಮಾತು ಎತ್ತುವುದಿಲ್ಲ. ಫ್ಯೂಸು ಹೋಗುತ್ತಿದೆ ಎಂದು ಯಾರಾದರೂ ಬಂದರೆ ಬಾನೆಟ್ ಎತ್ತುವ ಮೊದಲು ಒಂದು ಪ್ರಶ್ನೆ ಕೇಳುತ್ತಾನೆ: "ಯಾರು ಕೂತಾಗ?" ಗಿರಾಕಿಗಳಿಗೆ ಅದು ವಿಚಿತ್ರ. ಮೊನ್ನೆ ಒಬ್ಬ ಹಲ್ಲು ಬಿಟ್ಟು, "ನಮ್ಮ ಅತ್ತೆ ಕೂತಾಗಲೇ ಅಂಡಿ, ಆಕೆ ಕಾಲಿಟ್ಟರೆ ಸಾಕು..." ಎಂದು ತೆಲುಗಿನಲ್ಲಿ ಶುರು ಮಾಡಿದ.

ಲಿಂಗರಾಜು ಪಾನಾವನ್ನು ಮೇಜಿನ ಮೇಲಿಟ್ಟ.

"ಅವರನ್ನ ಕರಕೊಂಡು ಬನ್ನಿ," ಎಂದ. "ಅವರ ಎದುರಿಗೇ ಬಿಚ್ಚಬೇಕು."